ಕೆನೆ ಬಣ್ಣವೋ, ಬೂದಿ ಬಣ್ಣವೋ: ನಮ್ಮ ಪಡಸಾಲೆಯ ಅನುಭವ

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದು ಹಳೆಯ ಮನೆ. ಪಡಸಾಲೆಗೆ ಉತ್ತರದ ಕಡೆ ಒಂದೇ ಕಿಟಕಿ. ಅದರಾಚೆ ಮಾವಿನ ಮರ. ಕೆಳಗೆ ಶಹಾಬಾದ್ ಫರ್ಸಿ ಕಲ್ಲಿನ ನೆಲ. ಬಣ್ಣ ಆರಿಸಲು ಹೋದಾಗ ಈ ಮೂರೂ ನನ್ನ ತಲೆಯಲ್ಲಿ ಇರಲಿಲ್ಲ.

ಶೇಡ್ ಕಾರ್ಡಿನಲ್ಲಿ ಎರಡು ಹಿಡಿಸಿದವು. ಒಂದು ಕೆನೆ ಬಣ್ಣ, ಇನ್ನೊಂದು ತಿಳಿ ಬೂದಿ. ನನಗೆ ಬೂದಿಯೇ ಜಾಸ್ತಿ ಇಷ್ಟವಾಗಿತ್ತು. ಪೇಂಟರ್ ಕಾಕಾ ಮಾತ್ರ, "ಅಕ್ಕಾರ, ಅಂಗಡ್ಯಾಗ ನೋಡಿ ಹೇಳಬ್ಯಾಡ್ರಿ, ಮನ್ಯಾಗ ಹಚ್ಚಿ ನೋಡ್ರಿ" ಎಂದರು.

ಸಣ್ಣ ಡಬ್ಬಿ ಎರಡು ತಂದೆ. ಗೋಡೆಗೆ ಹಚ್ಚಲಿಲ್ಲ. ಎರಡಡಿ ಚೌಕದ ರಟ್ಟುಗಳಿಗೆ ಬಿಳಿ ಪ್ರೈಮರ್ ಬಳಿದು, ಮೇಲೆ ಎರಡೆರಡು ಕೋಟ್ ಹೊಡೆದೆ. ಅಂಚಿಗೆ ಎರಡು ಬೆರಳು ಬಿಳಿ ಬಿಟ್ಟೆ. ಹಳೆ ಗೋಡೆಯ ಬಣ್ಣ ಪಕ್ಕದಲ್ಲೇ ಇದ್ದರೆ ಕಣ್ಣು ಮೋಸ ಹೋಗುತ್ತದೆ. ಪೂರ್ತಿ ಒಣಗಿದ ಮೇಲೇ ನೋಡಬೇಕು, ಎಮಲ್ಶನ್ (ನೀರು ಬೆರೆಸಿ ಹಚ್ಚುವ ಗೋಡೆ ಬಣ್ಣ) ಒಣಗಿದಾಗ ಸಾಮಾನ್ಯವಾಗಿ ಸ್ವಲ್ಪ ಗಾಢವಾಗುತ್ತದೆ.

ಶ್ರಾವಣದಲ್ಲಿ ಮೂರು ದಿನ ಆ ರಟ್ಟು ಹಿಡಿದು ಗೋಡೆಯಿಂದ ಗೋಡೆಗೆ ಓಡಾಡಿದೆ. ಮಳೆ ಮೋಡ ಕವಿದಾಗ ಬೂದಿ ಬಣ್ಣ ಮಂಕಾಯಿತು. ಮೋಡ ಸರಿದಾಗ ನೀಲಿ ಹೊಡೆಯಿತು. ಉತ್ತರದ ಕಿಟಕಿಗೆ ವರ್ಷದ ಬಹುಪಾಲು ನೇರ ಬಿಸಿಲಿಲ್ಲ, ಒಳಗೆ ಬರುವುದು ಆಕಾಶದ ತಣ್ಣನೆ ಬೆಳಕು. ಅದಕ್ಕೆ ಫರ್ಸಿಯ ಬೂದು ಸೇರಿ ಕೋಣೆಯೇ ಥಂಡಿ ಹಿಡಿದಂತೆ ಕಂಡಿತು. ಕಿಟಕಿಯ ಹತ್ತಿರ ಹಿಡಿದರೆ ಮಾವಿನೆಲೆಯ ಹಸಿರು ಛಾಯೆ ಬೇರೆ! ಕೆನೆ ಬಣ್ಣದೊಳಗಿನ ತುಸು ಹಳದಿ ಇದನ್ನೆಲ್ಲ ಸರಿದೂಗಿಸಿತು. ಅದೇ ಬೆಳಕಿನಲ್ಲಿ ಅದು ಹದವಾದ ಬಿಳಿಯಾಗಿ ಕಂಡಿತು. ಕೆನೆ, ಬೂದಿಯಂಥವನ್ನು ತಟಸ್ಥ ಬಣ್ಣ ಅಂತ ಕರೆಯುತ್ತೇವೆ, ಆದರೆ ಪ್ರತಿಯೊಂದರ ಹೊಟ್ಟೆಯಲ್ಲೂ ಒಂದು ಬಣ್ಣ ಇರುತ್ತದೆ ಅಲ್ವಾ? ಒಂದು ಬಿಳಿ ಹಾಳೆ ಪಕ್ಕಕ್ಕಿಟ್ಟರೆ ಅದು ಕಂಡುಬಿಡುತ್ತದೆ.

ರಾತ್ರಿ ಮಾತ್ರ ಕೆನೆ ಕೈಕೊಟ್ಟಿತು. 3000 ಕೆಲ್ವಿನ್‌ನ ಹಳದಿ ಬಲ್ಬಿನಡಿ ಬೆಣ್ಣೆಯಷ್ಟು ಹಳದಿಯಾಯಿತು. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕೆ ಏರಿದಷ್ಟೂ ಹಳದಿ ಕಡಿಮೆ. 4000 ಕೆಲ್ವಿನ್ ಬಲ್ಬು ಹಾಕಿ ನೋಡಿದೆ, ಸರಿಹೋಯಿತು. ಬಲ್ಬು ಬದಲಿಸುವುದು ಬಣ್ಣ ಬದಲಿಸುವುದಕ್ಕಿಂತ ಅಗ್ಗ.

ಮಳೆ ನಿಂತು ಗೋಡೆ ಒಣಗಿದ ಮೇಲೆ, ದೀಪಾವಳಿಗೆ ಮುಂಚೆ ಕೆನೆಯನ್ನೇ ಹೊಡೆಸಿದೆ. ಬೂದಿಯನ್ನು ಕೈಬಿಡಲು ಮನಸ್ಸಾಗಲಿಲ್ಲ. ಅದೇ ರಟ್ಟನ್ನು ಪಶ್ಚಿಮದ ಸಣ್ಣ ಕೋಣೆಗೆ ಒಯ್ದೆ. ಸಂಜೆ ಬಿಸಿಲು ಬಿದ್ದಾಗ ಆ ನೀಲಿ ಎಲ್ಲಿಗೋ ಹೋಗಿ, ಬೆಚ್ಚಗಿನ ಮಣ್ಣಿನ ಛಾಯೆ ಬಂತು. ಈಗ ಆ ಕೋಣೆ ಬೂದಿ ಬಣ್ಣದ್ದೇ.