ಪಂಚಮಿಗೆ ಅಕ್ಕ-ತಂಗಿಯರನ್ನು ಕರೆತರುವ ಬಗೆ

ಅಣ್ಣ-ತಂಗಿಯರ ಹಬ್ಬ ಎಂದೊಡನೆ ಈಗಿನ ಮಕ್ಕಳಿಗೆ ರಾಖಿ ನೆನಪಾಗುತ್ತದೆ. ದೀಪಾವಳಿಯ ಬೆನ್ನಿಗೆ ಬರುವ ಯಮದ್ವಿತೀಯದಂದು ಅಣ್ಣನಿಗೆ ಉಣಬಡಿಸಿ ಆರತಿ ಎತ್ತುವ ಮನೆತನಗಳೂ ಇವೆ. ನಮ್ಮ ಕೊಪ್ಪಳ ಸೀಮೆಯಲ್ಲಿ ಆ ಗೌರವ ನಾಗರ ಪಂಚಮಿಗೆ ಸಲ್ಲುತ್ತದೆ. ಕುಷ್ಟಗಿ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಕುಕನೂರು ಕಡೆಗೆ ಸೊಸೆಯಾಗಿ ಬಂದವಳು ನಾನು. ಮೂವರು ತಮ್ಮಂದಿರ ಅಕ್ಕ. ಈ ವರ್ಷ ನನ್ನ ಮಗ ಮೊದಲ ಬಾರಿಗೆ ತನ್ನ ತಂಗಿಯನ್ನು ಕರೆಯಲು ಹೋಗಬೇಕು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು: ಕರೆಯಲು ನೀವೇ ಹೋಗಿ. ಮೊಬೈಲಿನಲ್ಲಿ ‘ಬಾರಮ್ಮ’ ಎಂದರೆ ಕರೆದಂತಾಗಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿನ ಖರ್ಚಿಲ್ಲ, ಅವಳೇ ಬರಬಹುದಲ್ಲ ಎಂದು ಮಗ ಕೇಳಿದ. ಬರಬಹುದು. ಆದರೆ ಅಣ್ಣ ಬಾಗಿಲಿಗೆ ಬಂದು, ಅತ್ತೆ-ಮಾವನ ಕಾಲಿಗೆ ನಮಸ್ಕರಿಸಿ, ‘ಪಂಚಮಿಗೆ ತಂಗಿಯನ್ನು ಕಳುಹಿಸಿಕೊಡಿ’ ಎಂದು ಕೇಳಿದಾಗ ಆ ಮನೆಯಲ್ಲಿ ಅವಳ ತೂಕವೇ ಬೇರೆ. ನನ್ನ ಹಿಂದೆ ಜನರಿದ್ದಾರೆ ಎಂಬುದು ಅವಳಿಗೂ ಆ ಮನೆಯವರಿಗೂ ಕಾಣಬೇಕು. ಇಡೀ ಹಬ್ಬದಲ್ಲಿ ಇದಕ್ಕಿಂತ ದೊಡ್ಡ ಶಾಸ್ತ್ರ ನನಗೆ ಗೊತ್ತಿಲ್ಲ.

ಹಬ್ಬದ ಹಿಂದಿನ ಕಥೆಯೂ ಇದನ್ನೇ ಹೇಳುತ್ತದೆ. ಜನಮೇಜಯನ ಸರ್ಪಯಾಗವನ್ನು ಆಸ್ತಿಕ ನಿಲ್ಲಿಸಿದ ಎಂಬುದು ಎಲ್ಲರಿಗೂ ಗೊತ್ತು. ಆ ಆಸ್ತಿಕ ಯಾರ ಮಗ? ನಾಗರಾಜ ವಾಸುಕಿಯ ತಂಗಿ ಜರತ್ಕಾರುವಿನ ಮಗ. ಕುಲವೆಲ್ಲ ಬೆಂಕಿಗೆ ಬೀಳುತ್ತಿದ್ದಾಗ ವಾಸುಕಿ ಮೊರೆಯಿಟ್ಟದ್ದು ತಂಗಿಯ ಮುಂದೆ. ಅವಳು ಮಗನನ್ನು ಕರೆದು ಯಾಗಶಾಲೆಗೆ ಕಳುಹಿಸಿದಳು. ಹಾವು ಕಚ್ಚಿ ಬಿದ್ದ ಅಣ್ಣಂದಿರನ್ನು ತಂಗಿಯೊಬ್ಬಳು ನಾಗಪ್ಪನನ್ನು ಬೇಡಿ ಬದುಕಿಸಿಕೊಂಡಳೆಂದು ನಮ್ಮವ್ವ ಹೇಳುತ್ತಿದ್ದ ಕಥೆಯೂ ಅದೇ ದಾರಿಯದು. ಅಣ್ಣ ತಂಗಿಯನ್ನು ಕಾಯುವುದಷ್ಟೇ ಅಲ್ಲ, ತಂಗಿಯೂ ಅಣ್ಣನನ್ನು ಕಾಯುತ್ತಾಳೆ. ಅದಕ್ಕಾಗಿಯೇ ಅವಳನ್ನು ಕರೆಯಲು ಅವನು ನಡೆದು ಹೋಗಬೇಕು.

ಹಬ್ಬ ಬರುವುದು ಶ್ರಾವಣ ಶುದ್ಧ ಪಂಚಮಿಗೆ. 2024ರಲ್ಲಿ ಆಗಸ್ಟ್ 9ಕ್ಕೆ ಬಂದಿತ್ತು, 2025ರಲ್ಲಿ ಜುಲೈ 29ಕ್ಕೇ ಬಂತು. ಆದ್ದರಿಂದ ಕ್ಯಾಲೆಂಡರ್ ನೋಡಿ ಮೊದಲೇ ರಜೆ ಕೇಳಿಟ್ಟುಕೊಳ್ಳಿ. ಪಂಚಮಿಯ ದಿನ ಬೆಳಿಗ್ಗೆ ಹೋಗಿ ಕರೆತಂದರೆ ಅರ್ಧ ಹಬ್ಬ ಮುಗಿದಿರುತ್ತದೆ. ರೊಟ್ಟಿ ಹಬ್ಬದ ದಿನವೇ ಅವಳು ತವರಿನಲ್ಲಿರಬೇಕು, ಮರುದಿನ ಚೌತಿ, ಅದರ ಮರುದಿನ ಪಂಚಮಿ.

ರೊಟ್ಟಿ ಹಬ್ಬಕ್ಕೆ ಸಜ್ಜೆ ಮತ್ತು ಜೋಳದ ರೊಟ್ಟಿಗಳನ್ನು ಎಳ್ಳು ಹಚ್ಚಿ, ತೆಳ್ಳಗೆ ಬಡಿದು, ಕಟಕಟ ಎನ್ನುವಂತೆ ಬೇಯಿಸಿ ಒಟ್ಟಿಡುತ್ತೇವೆ. ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡುವುದಿಲ್ಲ, ಏನನ್ನೂ ಕರಿಯುವುದಿಲ್ಲ, ಕಾಯಿಪಲ್ಯ ಹೆಚ್ಚುವುದಿಲ್ಲ, ಹೊಲದಲ್ಲಿ ನೆಲ ಅಗೆಯುವುದಿಲ್ಲ. ಹಾಗಾಗಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಲ್ಲ ಮೊದಲೇ ಆಗಿರಬೇಕು. ಓಣಿಯ ಮನೆಗಳಿಗೆ ರೊಟ್ಟಿ-ಪಲ್ಯ ಹಂಚುವ ಕೆಲಸವನ್ನು ಬಂದ ಹೆಣ್ಣುಮಗಳ ಕೈಗೇ ಕೊಡಿ. ಒಂದೇ ಸುತ್ತಿನಲ್ಲಿ ಊರವರನ್ನೆಲ್ಲ ಮಾತನಾಡಿಸಿ ಬರುತ್ತಾಳೆ.

ಉಂಡೆಗಳು ಅವಳು ಬರುವ ಮೊದಲೇ ಡಬ್ಬಿ ತುಂಬಿರಲಿ. ಶೇಂಗಾ, ಎಳ್ಳು, ರವೆ, ಪುಟಾಣಿ ಎಂದು ನಿಮ್ಮ ಕೈಲಾದಷ್ಟು ಮಾಡಿ, ಆದರೆ ಅಳ್ಳು, ಅಂದರೆ ಜೋಳದ ಅರಳು, ಬೀಸಿ ಮಾಡುವ ಅಳ್ಳಿಟ್ಟನ್ನು ಮಾತ್ರ ಬಿಡಬೇಡಿ. ಅದಕ್ಕೆ ಅಳ್ಳಿನ ಜೋಳವೇ ಬೇಕು. ರೊಟ್ಟಿಯ ಜೋಳ ಅಷ್ಟು ಚೆನ್ನಾಗಿ ಅರಳುವುದಿಲ್ಲ. ಜೋಳಕ್ಕೆ ಬಿಸಿನೀರು ಚಿಮುಕಿಸಿ, ಕಲಸಿ, ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಡಿ. ತೇವ ಒಳಗೆ ಇಳಿದ ಮೇಲೆ ಸ್ವಲ್ಪ ಆರಲು ಬಿಡಿ. ದಪ್ಪ ತಳದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದೊಂದೇ ಹಿಡಿ ಹಾಕಿ, ಬಟ್ಟೆಯ ಗಂಟಿನಿಂದ ಒತ್ತುತ್ತ ತಿರುವಿ. ಚಟಪಟ ಸದ್ದು ನಿಲ್ಲುವ ಮೊದಲೇ ಇಳಿಸಿ, ಇಲ್ಲವಾದರೆ ತಳದವು ಕಂದಿ ಹಿಟ್ಟಿಗೆ ಕಹಿ ಬರುತ್ತದೆ. ಅರಳದ ಕಾಳುಗಳನ್ನು ಜರಡಿ ಹಿಡಿದು ತೆಗೆಯಿರಿ. ಒಂದೆರಡು ಹಿಡಿ ಅಳ್ಳನ್ನು ಪೂಜೆಗೆ ಎತ್ತಿಟ್ಟು, ಉಳಿದದ್ದನ್ನು ಬೀಸಿ, ಬೆಲ್ಲದ ನೀರು, ತುಪ್ಪ, ಏಲಕ್ಕಿ ಪುಡಿ ಸೇರಿಸಿ ಉಂಡೆ ಕಟ್ಟಿ. ಈ ಹಿಟ್ಟು ನೀರನ್ನು ಬೇಗ ಹೀರುತ್ತದೆ. ಬೆಲ್ಲದ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ.

ಚೌತಿಯ ದಿನ ಹಾಲೆರೆಯುವುದು. ಹೆಂಗಸರು ಹಾಲೆರೆದು ಬರುವವರೆಗೆ ಉಪವಾಸ ಇರುತ್ತಾರೆ. ಕಟ್ಟೆಯ ನಾಗರಕಲ್ಲನ್ನೋ, ಮನೆಗೆ ತಂದ ಮಣ್ಣಿನ ನಾಗಪ್ಪನನ್ನೋ ಅರಿಶಿನ, ಕುಂಕುಮ, ಹಂಗನೂಲು, ಗೆಜ್ಜೆವಸ್ತ್ರಗಳಿಂದ ಪೂಜಿಸಿ. ನೆನೆಸಿದ ಕಡಲೆ, ಅಳ್ಳು, ಎಳ್ಳಿನ ಚಿಗಳಿ, ತಂಬಿಟ್ಟು ಎಡೆಗೆ ಇಡಿ. ಕೊಬ್ಬರಿ ಬಟ್ಟಲಿನಲ್ಲಿ ಬೆಲ್ಲದ ಚೂರು ಇಟ್ಟು, ಅದರಲ್ಲಿ ಹಾಲು ಹಾಕಿಕೊಂಡು ಒಂದೊಂದೇ ಹನಿ ಎರೆಯುತ್ತ ಹೆಸರು ಹೇಳಬೇಕು: ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ತಮ್ಮನ ಪಾಲು. ಇಲ್ಲಿ ಅವಸರ ಮಾಡಬೇಡಿ. ದೂರದಲ್ಲಿ ದುಡಿಯುತ್ತಿರುವ ತಮ್ಮನ ಹೆಸರೂ ಬರಲಿ, ತೀರಿಕೊಂಡ ಅಣ್ಣನ ಹೆಸರೂ ಬರಲಿ. ನನ್ನ ನಡುವಿನ ತಮ್ಮ ಈಗ ಇಲ್ಲ. ಅವನ ಪಾಲನ್ನು ನಾನು ಇಂದಿಗೂ ಬಿಟ್ಟಿಲ್ಲ, ಬಿಡು ಎಂದು ಯಾರೂ ಹೇಳಿಲ್ಲ.

ಹುತ್ತದ ಬಾಯಿಗೆ ಹಾಲು ಸುರಿಯಬೇಡಿ. ಹಾಲು ಹಾವಿನ ಆಹಾರವಲ್ಲ, ಹುತ್ತವೂ ಕುಸಿಯುತ್ತದೆ. ಕಲ್ಲಿಗೆ ನಾಲ್ಕು ಹನಿ ಸಾಕು, ತಂಬಿಗೆಯಲ್ಲಿ ಉಳಿದದ್ದನ್ನು ಬೆಲ್ಲ ಹಾಕಿ ಕಾಯಿಸಿ ಓಣಿಯ ಮಕ್ಕಳಿಗೆ ಕುಡಿಸಿ. ಬುಟ್ಟಿಯಲ್ಲಿ ಹಾವು ಹಿಡಿದು ಬಂದವರಿಗೆ ದುಡ್ಡು ಕೊಡಬೇಡಿ. ಹಾವು ಹಿಡಿದು ಆಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಾಗಪ್ಪನ ಹಬ್ಬದಂದೇ ಅವನನ್ನು ಹಿಂಸಿಸುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ಪಂಚಮಿಯ ದಿನ ಜೋಕಾಲಿ. ಇದು ಗಂಡುಮಕ್ಕಳ ಜವಾಬ್ದಾರಿ. ಬೇವಿನದೋ ಹುಣಸೆಯದೋ ಹಸಿ ಟೊಂಗೆ ಆರಿಸಿ, ಹಗ್ಗ ಉಜ್ಜುವ ಕಡೆ ಗೋಣಿಚೀಲ ಸುತ್ತಿ. ನುಣುಪಾದ ಪ್ಲಾಸ್ಟಿಕ್ ಹಗ್ಗದ ಗಂಟು ಜಾರುತ್ತದೆ, ಅದು ಬೇಡ. ಮೊದಲು ನೀವಿಬ್ಬರು ಗಂಡಸರು ಜೋತುಬಿದ್ದು ನೋಡಿ, ಆಮೇಲೆ ಹೆಣ್ಣುಮಕ್ಕಳನ್ನು ಹತ್ತಿಸಿ. ಮಧ್ಯಾಹ್ನ ಅವಳನ್ನು ಅಡುಗೆಮನೆಗೆ ಕರೆಯಬೇಡಿ, ಪಾತ್ರೆ ನೀವು ತೊಳೆಯಿರಿ.

ಕಳುಹಿಸುವಾಗ ಉಡಿ ತುಂಬಬೇಕು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಎಲೆ-ಅಡಿಕೆ, ಕುಪ್ಪಸದ ಕಣ. ಸೀರೆ ನಿಮ್ಮ ಶಕ್ತಿಯಂತೆ ಇರಲಿ, ಸಾಲ ಮಾಡಿ ತಂದರೆ ಅವಳ ಮನಸ್ಸಿಗೆ ನೋವು. ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳನ್ನು ಮನೆಯಿಂದ ಕಳುಹಿಸುವ ಪದ್ಧತಿ ನಮ್ಮಲ್ಲಿಲ್ಲ, ಆ ಲೆಕ್ಕ ಹಿಡಿದು ದಿನ ಗೊತ್ತು ಮಾಡಿ.

ಒಡಹುಟ್ಟಿದ ಅಣ್ಣ-ತಮ್ಮಂದಿರು ಇಲ್ಲದವಳನ್ನು ಚಿಕ್ಕಪ್ಪನ ಮಗನೋ ದೊಡ್ಡಪ್ಪನ ಮಗನೋ ಕರೆತರಬಹುದು. ಬಾಣಂತನವೋ ಕೆಲಸವೋ ಅಡ್ಡ ಬಂದು ಅವಳು ಬರಲಾಗದಿದ್ದರೆ, ಉಂಡೆಯ ಡಬ್ಬಿ, ರೊಟ್ಟಿಯ ಗಂಟು, ಕುಪ್ಪಸದ ಕಣ ಹೊತ್ತು ನೀವೇ ಅವಳ ಊರಿಗೆ ಬಸ್ಸು ಹತ್ತಿ. ಉಂಡೆಗಳನ್ನು ಸ್ಟೀಲ್ ಡಬ್ಬಿಯಲ್ಲೇ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಅಳ್ಳಿಟ್ಟಿನವು ದಾರಿಯಲ್ಲೇ ಪುಡಿಯಾಗುತ್ತವೆ.