ರಾಗಿ ಎಲೆಯ ಕೋಶಭಿತ್ತಿ ಪ್ರೋಟೀನು: ಅರೆಯದೆ ತೆಗೆದ ನನ್ನ ಅನುಭವ

ಶಾಖಕ್ಕೆ ರಾಗಿಯ ಕೋಶಭಿತ್ತಿಯ ಪ್ರೋಟೀನುಗಳು ಹೇಗೆ ಬದಲಾಗುತ್ತವೆ ಎಂದು ನೋಡುವುದು ನನ್ನ ಗುರಿ. ಎಲೆಯನ್ನು ಅರೆಯದೆಯೇ ಅವನ್ನು ತೆಗೆಯುತ್ತೇನೆ ಎಂದಾಗ ನಮ್ಮ ಪ್ರಯೋಗಾಲಯದಲ್ಲಿ ಯಾರೂ ಒಪ್ಪಲಿಲ್ಲ. ಮೇಣ ಹತ್ತಿದ ಎಲೆಯೊಳಗೆ ದ್ರಾವಣ ಇಳಿಯುವುದೇ ಇಲ್ಲ ಎಂಬುದು ಅವರ ವಾದವಾಗಿತ್ತು. ಆದರೆ ಅರೆಯುವ ದಾರಿಯಲ್ಲಿ ನಾನು ಆಗಲೇ ಎಂಟು ತಿಂಗಳು ಕಳೆದಿದ್ದೆ. ದ್ರವ ಸಾರಜನಕದಲ್ಲಿ ಎಲೆ ಅರೆದು, ಭಿತ್ತಿಯ ಚೂರುಗಳನ್ನು ಎಷ್ಟು ಸಲ ತೊಳೆದರೂ, ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ 55 ಕಿಲೋಡಾಲ್ಟನ್ ಹತ್ತಿರ ರುಬಿಸ್ಕೋದ (ಕ್ಲೋರೋಪ್ಲಾಸ್ಟಿನೊಳಗಿನ, ಎಲೆಯಲ್ಲಿ ಹೇರಳವಾಗಿರುವ ಪ್ರೋಟೀನು) ದಪ್ಪ ಪಟ್ಟಿಯೇ ಬರುತ್ತಿತ್ತು. ಯಾವ ಯಾವ ಪ್ರೋಟೀನುಗಳಿವೆ ಎಂದು ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿಗಾಗಿ ಹೊರಗಿನ ಕೇಂದ್ರವೊಂದಕ್ಕೆ ಆರು ಮಾದರಿ ಕಳುಹಿಸಿ, ಸುಮಾರು 70 ಸಾವಿರ ರೂಪಾಯಿ ತೆತ್ತು, ನಾನು ಪಡೆದದ್ದು ಬಹುಪಾಲು ಕ್ಲೋರೋಪ್ಲಾಸ್ಟ್ ಪ್ರೋಟೀನುಗಳ ಪಟ್ಟಿಯನ್ನು. ಅದು ಮುಂದಿನ ವರ್ಷದ ರಾಸಾಯನಿಕಗಳಿಗೆಂದು ಇಟ್ಟಿದ್ದ ಹಣ.

ಆಮೇಲೆ ನಿರ್ವಾತದ ವಿಧಾನ ಹಿಡಿದೆ: ಎಲೆಯೊಳಗಿನ ಗಾಳಿಯನ್ನು ಎಳೆದು ಆ ಜಾಗಕ್ಕೆ ದ್ರಾವಣ ಇಳಿಸುವುದು, ಅನಂತರ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಅದನ್ನು ಪ್ರೋಟೀನಿನ ಸಮೇತ ಹೊರತೆಗೆಯುವುದು. ಜಿಪಿಯು-28 ತಳಿಯ ಮೂರು ವಾರದ ಸಸಿಗಳ ಎಲೆಯನ್ನು ಐದು ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ, ಕೊಯ್ದ ತುದಿಗಳ ರಸವನ್ನು ತೊಳೆದು, ದ್ರಾವಣವಿರುವ 60 ಮಿಲಿಲೀಟರ್ ಸಿರಿಂಜಿನಲ್ಲಿ ಹಾಕಿ ಪಿಸ್ಟನ್ ಎಳೆದು ಬಿಟ್ಟರೆ ಸಾಕು, ಪಂಪು ಬೇಕಿಲ್ಲ. ದ್ರಾವಣ ಇಳಿದ ಎಲೆ ಕಡುಹಸಿರಾಗಿ, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುತ್ತದೆ. ಮೇಣವನ್ನು ಹೇಗೆ ದಾಟಿದೆ ಎಂಬುದನ್ನು ಪ್ರಬಂಧ ಅಚ್ಚಾಗುವವರೆಗೆ ಹೇಳಲಾರೆ. ಡಿಟರ್ಜೆಂಟ್ ಬಳಸಿಲ್ಲ ಎಂದಷ್ಟೇ ಹೇಳುತ್ತೇನೆ. ಸೆಂಟ್ರಿಫ್ಯೂಜನ್ನು 1000 ಜಿ (ಗುರುತ್ವದ ಸಾವಿರ ಪಟ್ಟು) ಆಸುಪಾಸಿನಲ್ಲಿಯೇ ಇಡಬೇಕು. 3000ಕ್ಕೆ ಏರಿಸಿದ ದಿನ ಕೋಶಗಳು ಒಡೆದು ಹಸಿರು ನೀರು ಬಂತು. ಮೊದಲು ಬಫರ್, ಅನಂತರ 0.2 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್: ಭಿತ್ತಿಗೆ ಅಯಾನಿಕವಾಗಿ ಅಂಟಿದ ಪ್ರೋಟೀನುಗಳು ಎರಡನೆಯದರಲ್ಲಿ ಬರುತ್ತವೆ. ಒಂದು ಗ್ರಾಂ ಎಲೆಗೆ ಎರಡೂ ಸೇರಿ 20 ಮೈಕ್ರೋಗ್ರಾಂ ಸಿಕ್ಕಿದರೆ ಹೆಚ್ಚು.

ಶಾಖದ ಭಾಗವೇ ಹೆಚ್ಚು ಕಾಡಿತು. ಚೇಂಬರ್ 42 ಡಿಗ್ರಿ ತೋರಿಸುತ್ತಿದ್ದರೂ ಬಾಷ್ಪವಿಸರ್ಜನೆಯಿಂದ ಎಲೆ ತಂಪಾಗಿ 38ರಲ್ಲಿಯೇ ಇರುತ್ತಿತ್ತು. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯುವವರೆಗೆ ಇದು ತಿಳಿದಿರಲಿಲ್ಲ. ನೀರಿನ ತಟ್ಟೆಗಳನ್ನಿಟ್ಟು ತೇವಾಂಶ ಕಾಯ್ದುಕೊಳ್ಳದಿದ್ದರೆ ಅಳೆಯುವುದು ಶಾಖವನ್ನಲ್ಲ, ಬರವನ್ನು. ಇನ್ನು 45 ಡಿಗ್ರಿಗೆ ಒಯ್ದಾಗ ಹೊಸ ಪಟ್ಟಿಗಳು ಕಂಡು ನಾನು ಹಿಗ್ಗಿದ್ದೆ. ಕೋಶದೊಳಗಿನ ಕಿಣ್ವವಾದ ಮ್ಯಾಲೇಟ್ ಡಿಹೈಡ್ರೋಜಿನೇಸ್ ಪರೀಕ್ಷಿಸಿದರೆ ಅದೂ ಏರಿತ್ತು. ಕೋಶದ ಪೊರೆಯೇ ಸೋರಿ, ಒಳಗಿನ ಪ್ರೋಟೀನು ಹೊರಬಂದಿತ್ತು. ಆ ಎರಡು ತಿಂಗಳ ಮಾದರಿಗಳೆಲ್ಲ ಚೆಲ್ಲಿಹೋದವು.

ಎಲೆಯ ತಾಪವೇ 42 ಆಗುವಂತೆ ಹೊಂದಿಸಿ ಆರು ಗಂಟೆ ಇಟ್ಟಾಗ, ಕ್ಯಾಲ್ಸಿಯಂ ಭಾಗದಲ್ಲಿ ಗ್ವಾಯಕಾಲ್ ಪೆರಾಕ್ಸಿಡೇಸ್ ಚಟುವಟಿಕೆ ಹೆಚ್ಚುಕಡಿಮೆ ಇಮ್ಮಡಿಯಾಯಿತು, ಮ್ಯಾಲೇಟ್ ಡಿಹೈಡ್ರೋಜಿನೇಸ್ ಮಾತ್ರ ಕದಲಲಿಲ್ಲ, ಅಂದರೆ ಇದು ಸೋರಿಕೆಯಲ್ಲ. ರಾಗಿಯೂ ಸೇರಿದ ಹುಲ್ಲುಗಳ ಭಿತ್ತಿಯಲ್ಲಿ ಅರಬಿನೋಕ್ಸೈಲಾನ್ ಎಂಬ ಸಕ್ಕರೆ ಸರಪಳಿಗಳನ್ನು ಫೆರುಲಿಕ್ ಆಮ್ಲದ ಮೂಲಕ ಬೆಸೆಯುವುದು ಪೆರಾಕ್ಸಿಡೇಸೇ. ಆದ್ದರಿಂದ ಭಿತ್ತಿ ಬಿಗಿಯುತ್ತಿದೆ ಎಂದೇ ನನ್ನ ಅಂದಾಜು. ಕುತೂಹಲಕ್ಕೆಂದು ಎಲೆಯ ಬುಡ ಮತ್ತು ತುದಿಯನ್ನು ಬೇರೆ ಮಾಡಿ ನೋಡಿದೆ. ಹುಲ್ಲಿನ ಎಲೆ ಬೆಳೆಯುವುದು ಬುಡದಲ್ಲಿ. ಏರಿಕೆಯ ಬಹುಪಾಲು ಅಲ್ಲಿಯೇ ಇತ್ತು, ತುದಿಯಲ್ಲಿ ಬದಲಾವಣೆ ಅತ್ಯಲ್ಪ. ಈಗ ಎಲೆಗಳನ್ನು ಇಡಿಯಾಗಿ ಬಳಸುವುದನ್ನು ಬಿಟ್ಟು, ಬುಡದ ಮೂರು ಸೆಂಟಿಮೀಟರನ್ನಷ್ಟೇ ಕೂಡಿಸುತ್ತಿದ್ದೇನೆ; ಒಂದು ಮಾದರಿಗೆ 200ಕ್ಕೂ ಹೆಚ್ಚು ಸಸಿಗಳು ಬೇಕಾಗುತ್ತವೆ.