ಆಕ್ಟೇವಿಯಾ ಆರ್‌ಎಸ್ ಎಸ್ಟೇಟ್‌ಗೆ ಸರಿಯಾದ ಅಳತೆಯ ಟೈರ್ ಆರಿಸುವ ಕ್ರಮ

ಶಕ್ತಿಶಾಲಿ ಎಂಜಿನ್ ಇರುವ ಎಸ್ಟೇಟ್ ಕಾರಿಗೆ (ಹಿಂದೆ ಉದ್ದನೆಯ, ದೊಡ್ಡ ಡಿಕ್ಕಿ ಇರುವ ಕಾರು) ಹೊಸ ಟೈರ್ ಕೊಳ್ಳುವವರು ಸಾಮಾನ್ಯವಾಗಿ ಟೈರಿನ ಅಗಲ ಮತ್ತು ರಿಮ್ಮಿನ ಇಂಚನ್ನು ನೋಡಿ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಆದರೆ ಇಂಥ ಕಾರು ಒಂದು ದಿನ ಒಬ್ಬರೇ ಕೂತು ವೇಗವಾಗಿ ಓಡಿಸುವ ವಾಹನವಾಗಿದ್ದರೆ, ಮರುದಿನ ಐದು ಜನರನ್ನೂ ಡಿಕ್ಕಿ ತುಂಬ ಸಾಮಾನನ್ನೂ ಹೊತ್ತು ಅದೇ ಹೆದ್ದಾರಿಯಲ್ಲಿ ಹೆಚ್ಚುಕಡಿಮೆ ಅದೇ ವೇಗದಲ್ಲಿ ಸಾಗುತ್ತದೆ. ಆದ್ದರಿಂದ ಎಸ್ಟೇಟ್ ಕಾರಿನ ಮಟ್ಟಿಗೆ, ಅಳತೆಯ ಕೊನೆಯಲ್ಲಿ ಚಿಕ್ಕದಾಗಿ ಅಚ್ಚಾಗಿರುವ ಲೋಡ್ ಇಂಡೆಕ್ಸಿಗೆ, ಎಂದರೆ ಟೈರ್ ಎಷ್ಟು ಭಾರ ಹೊರಬಲ್ಲದು ಎಂದು ಸೂಚಿಸುವ ಸಂಖ್ಯೆಗೆ, ಮೊದಲಿನ ಅಂಕಿಗಳಿಗಿಂತ ಹೆಚ್ಚು ಗಮನ ಸಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಉದಾಹರಣೆಗೆ 2013ರಲ್ಲಿ ಬಿಡುಗಡೆಯಾದ ಮೂರನೆಯ ಪೀಳಿಗೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಎಸ್ಟೇಟನ್ನು ತೆಗೆದುಕೊಳ್ಳೋಣ. ಜರ್ಮನಿಯಲ್ಲೂ ಬ್ರಿಟನ್ನಿನಲ್ಲೂ ನೆಲೆಸಿರುವ ಕನ್ನಡಿಗರಿಗೆ ಇದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಕಾರು. ಭಾರತಕ್ಕೆ 2017ರಲ್ಲೂ 2020ರಲ್ಲೂ ಬಂದದ್ದು ಇದರ ಲಿಫ್ಟ್‌ಬ್ಯಾಕ್ ರೂಪ (ಹಿಂದಿನ ಗಾಜಿನ ಸಮೇತ ಮೇಲೇಳುವ ಡಿಕ್ಕಿ ಬಾಗಿಲಿನದು) ಮಾತ್ರ. ಅದನ್ನು ಓಡಿಸುವವರಿಗೂ ಕೆಳಗಿನ ಲೆಕ್ಕಗಳು ಬಹುಮಟ್ಟಿಗೆ ಅನ್ವಯಿಸುತ್ತವೆ.

ಮೊದಲು ಮಾಡಬೇಕಾದ ಕೆಲಸವೆಂದರೆ, ಕಾರಿಗೆ ಈಗ ಹಾಕಿರುವ ಟೈರ್ ಸರಿಯಾದದ್ದೇ ಎಂದು ನಂಬದಿರುವುದು. ಹಿಂದಿನ ಮಾಲೀಕರು ಅಂದಕ್ಕಾಗಿಯೋ ಅಗ್ಗಕ್ಕೆ ಸಿಕ್ಕಿತೆಂದೋ ಬೇರೆ ಅಳತೆ ಹಾಕಿಸಿರಬಹುದು, ಮತ್ತು ಅದನ್ನೇ ನೋಡಿ ಬರೆದುಕೊಂಡು ಅಂಗಡಿಗೆ ಹೋದರೆ ಆ ತಪ್ಪು ನಿಮ್ಮ ಕಾಲಕ್ಕೂ ಮುಂದುವರಿಯುತ್ತದೆ. ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ ಗಾಳಿಯ ಒತ್ತಡದ ಚೀಟಿ ಅಂಟಿಸಿರುತ್ತದೆ; ಅದನ್ನೂ ಮಾಲೀಕರ ಕೈಪಿಡಿಯನ್ನೂ, ಯುರೋಪಿನಲ್ಲಿದ್ದರೆ ಕಾರಿನ ಅನುಸರಣಾ ಪ್ರಮಾಣಪತ್ರವನ್ನೂ ಎದುರಿಗಿಟ್ಟುಕೊಂಡು ತಯಾರಕರು ಒಪ್ಪಿರುವ ಅಳತೆಗಳನ್ನು ಗುರುತು ಮಾಡಿಕೊಳ್ಳಬೇಕು. ಈ ಕಾರಿಗೆ ಕಾರ್ಖಾನೆಯಿಂದ 17, 18 ಮತ್ತು 19 ಇಂಚಿನ ರಿಮ್‌ಗಳು ಬಂದವು. ಅವುಗಳ ಟೈರ್‌ಗಳು ಕ್ರಮವಾಗಿ 225/45 ಆರ್17, 225/40 ಆರ್18 ಮತ್ತು 225/35 ಆರ್19.

ಇಲ್ಲಿ 225 ಎಂದರೆ ಮಿಲಿಮೀಟರ್ ಲೆಕ್ಕದಲ್ಲಿ ಟೈರಿನ ಅಗಲ, 40 ಎಂದರೆ ಆ ಅಗಲದ ಶೇ. 40ರಷ್ಟು ಸೈಡ್‌ವಾಲ್ (ರಿಮ್ಮಿನಿಂದ ನೆಲ ಮುಟ್ಟುವ ಭಾಗದವರೆಗಿನ ಟೈರಿನ ಪಕ್ಕ) ಎತ್ತರ, 18 ಎಂದರೆ ಇಂಚುಗಳಲ್ಲಿ ರಿಮ್ಮಿನ ವ್ಯಾಸ. ಹಾಗಾಗಿ 225/40 ಆರ್18 ಟೈರಿನ ಸೈಡ್‌ವಾಲ್ 90 ಮಿ.ಮೀ. ಇದನ್ನು ಎರಡರಿಂದ ಗುಣಿಸಿ, ರಿಮ್ಮಿನ 457.2 ಮಿ.ಮೀ.ಗೆ ಕೂಡಿದರೆ ಒಟ್ಟು ವ್ಯಾಸ 637.2 ಮಿ.ಮೀ. ಆಗುತ್ತದೆ. ಇದೇ ಲೆಕ್ಕದಲ್ಲಿ 17 ಇಂಚಿನ ಟೈರ್ 634.3 ಮಿ.ಮೀ., 19 ಇಂಚಿನದು 640.1 ಮಿ.ಮೀ. ಬರುತ್ತದೆ. ರಿಮ್ ಎರಡು ಇಂಚು ಬದಲಾದರೂ ಟೈರಿನ ಒಟ್ಟು ವ್ಯಾಸದಲ್ಲಿ ಶೇ. 1ರಷ್ಟೂ ವ್ಯತ್ಯಾಸವಿಲ್ಲ. ಆಡಿ ಆರ್‌ಎಸ್6 ಅವಾಂತ್‌ನಂಥ ಇದಕ್ಕಿಂತ ಎಷ್ಟೋ ದೊಡ್ಡ ಎಸ್ಟೇಟಿನಲ್ಲೂ ಇದೇ ಎಚ್ಚರ ಕಾಣುತ್ತದೆ: ಅದರ ಇತ್ತೀಚಿನ ಪೀಳಿಗೆಯ 275/35 ಆರ್21 ಮತ್ತು 285/30 ಆರ್22 ಟೈರ್‌ಗಳ ವ್ಯಾಸದಲ್ಲಿರುವ ಅಂತರ ಸುಮಾರು 4 ಮಿ.ಮೀ. ಮಾತ್ರ.

ವ್ಯಾಸ ಬದಲಾದರೆ ಗೇರಿಂಗ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಲೆಕ್ಕಾಚಾರ, ಸ್ಪೀಡೋಮೀಟರ್ ಎಲ್ಲವೂ ಪಲ್ಲಟಗೊಳ್ಳುತ್ತವೆ. ಅಂಗಡಿಯಲ್ಲಿ "ಇದೂ 18 ಇಂಚೇ, ಸ್ವಲ್ಪ ಎತ್ತರ ಇದ್ದರೆ ಗುಂಡಿಗಳಿಗೆ ಒಳ್ಳೆಯದು" ಎಂದು 225/45 ಆರ್18 ಮುಂದಿಟ್ಟರೆ, ಅದರ ವ್ಯಾಸ 659.7 ಮಿ.ಮೀ. ಎಂಬುದನ್ನು ನೆನಪಿಡಬೇಕು. ಅದು ಶೇ. 3.5ರಷ್ಟು ಹೆಚ್ಚು, ಎಂದರೆ ಚಕ್ರ ನಿಜವಾಗಿ ಕ್ರಮಿಸುವ ದೂರ ಸ್ಪೀಡೋಮೀಟರ್ ಎಣಿಸುವುದಕ್ಕಿಂತ ಅಷ್ಟು ಜಾಸ್ತಿ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ ಎಂಬ ನಿಯಮ ಯುರೋಪಿನಲ್ಲಿದೆ. ಕಾರ್ಖಾನೆ ಅದಕ್ಕಾಗಿಯೇ ಬಿಟ್ಟಿರುವ ಚಿಕ್ಕ ಅಂತರವನ್ನು ಇಂಥ ಟೈರ್ ತಿಂದುಹಾಕುತ್ತದೆ. ಅದರ ಜೊತೆಗೆ ಡಿಕ್ಕಿ ತುಂಬಿ ಹಿಂಬದಿ ಕುಗ್ಗಿದಾಗ ಚಕ್ರದ ಮೇಲಿನ ಕಮಾನಿಗೆ ಟೈರ್ ಉಜ್ಜುವ ಅಪಾಯವೂ ಇದೆ. ಖಾಲಿ ಕಾರಿನಲ್ಲಿ ಅಂಗಡಿಯ ಮುಂದೆ ಒಂದು ಸುತ್ತು ಹಾಕಿ ನೋಡಿದರೆ ಇದು ಗೊತ್ತಾಗುವುದಿಲ್ಲ.

ಅಗಲ ಹೆಚ್ಚಿಸುವ ಆಸೆ ಇದಕ್ಕಿಂತ ಸಾಮಾನ್ಯ. ಈ ಕಾರಿನ 18 ಇಂಚಿನ ಮೂಲ ರಿಮ್ಮಿನ ಅಗಲ 7.5 ಇಂಚು. ಯುರೋಪಿನ ಟೈರ್ ಮಾನದಂಡದ ಪ್ರಕಾರ 225/40 ಆರ್18 ಟೈರಿಗೆ 7.5ರಿಂದ 9 ಇಂಚಿನವರೆಗಿನ ರಿಮ್ ಸಲ್ಲುತ್ತದೆ, ಆದರೆ 235/40 ಮತ್ತು 245/40 ಟೈರ್‌ಗಳಿಗೆ ಕನಿಷ್ಠ 8 ಇಂಚು ಬೇಕು. ಕಿರಿದಾದ ರಿಮ್ಮಿನ ಮೇಲೆ ಅಗಲವಾದ ಟೈರ್ ಏರಿಸಿದರೆ ಅದರ ಪಕ್ಕಗಳು ಹೊರಗೆ ಉಬ್ಬಿಕೊಂಡು, ತಿರುವಿನಲ್ಲಿ ರಿಮ್ಮಿನ ಮೇಲೆ ವಾಲಾಡುತ್ತವೆ. ಹೆಚ್ಚು ಹಿಡಿತ ಬರಲೆಂದು ಖರ್ಚು ಮಾಡಿದ ಹಣದಿಂದ ಸ್ಟೀರಿಂಗ್ ಸೂಕ್ಷ್ಮತೆ ಕಡಿಮೆಯಾಗುತ್ತದೆ.

ಈಗ ಭಾರದ ವಿಷಯ. ಟೈರಿನ ಪಕ್ಕದ ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿದರೆ ಅಳತೆಯ ನಂತರ 92 ವೈ ಎಂದೋ 88 ವೈ ಎಂದೋ ಕಾಣುತ್ತದೆ. 88 ಎಂದರೆ ಒಂದು ಟೈರ್ 560 ಕೆ.ಜಿ. ಹೊರಬಲ್ಲದು, 92 ಎಂದರೆ 630 ಕೆ.ಜಿ. ಒಂದೇ 225/40 ಆರ್18 ಅಳತೆ ಈ ಎರಡೂ ರೂಪಗಳಲ್ಲಿ ಸಿಗುತ್ತದೆ. 92 ಇರುವುದು ಎಕ್ಸ್‌ಎಲ್ ಎಂಬ ಗುರುತಿನ ಬಲವರ್ಧಿತ ಟೈರ್, ಬೆಲೆ ಕಡಿಮೆಯೆಂದು ಅಂಗಡಿಯವರು ಕೊಡುವುದು ಹಲವು ಸಲ 88ರದ್ದಾಗಿರುತ್ತದೆ. ಒಂದು ಆಕ್ಸಲ್‌ಗೆ (ಎಡಬಲ ಚಕ್ರಗಳನ್ನು ಜೋಡಿಸುವ ಅಚ್ಚು) ಎರಡು ಟೈರಿನಂತೆ ಲೆಕ್ಕ ಹಾಕಿದರೆ ವ್ಯತ್ಯಾಸ 140 ಕೆ.ಜಿ., ಅಂದರೆ ಸರಿಸುಮಾರು ಇಬ್ಬರು ದೊಡ್ಡವರ ತೂಕ. ಬಾಗಿಲಿನ ಕಂಬದ ಮೇಲೋ ಬಾನೆಟ್ಟಿನ ಒಳಗೋ ಇರುವ ತಯಾರಕರ ಫಲಕದಲ್ಲಿ ನಾಲ್ಕು ತೂಕಗಳು ಒಂದರ ಕೆಳಗೊಂದು ಬರೆದಿರುತ್ತವೆ: ಮೊದಲನೆಯದು ಕಾರಿನ ಒಟ್ಟು ಗರಿಷ್ಠ ತೂಕ, ಎರಡನೆಯದು ಟ್ರೇಲರ್ ಸೇರಿದ ತೂಕ, ಮೂರು ಮತ್ತು ನಾಲ್ಕನೆಯವು ಮುಂದಿನ ಹಾಗೂ ಹಿಂದಿನ ಆಕ್ಸಲ್ ಹೊರಬಹುದಾದ ತೂಕ. ಟ್ರೇಲರ್ ಎಳೆಯುವವರೂ ಸೈಕಲ್ ಸ್ಟ್ಯಾಂಡ್ ಹಾಕುವವರೂ ನಾಲ್ಕನೆಯ ಸಾಲಿನ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ಎರಡು ಟೈರುಗಳ ಸಾಮರ್ಥ್ಯ ಆ ಸಂಖ್ಯೆಯನ್ನು ಧಾರಾಳವಾಗಿ ದಾಟಿದ್ದರೆ ಸರಿ. ಅಂಚಿನಲ್ಲಿ ಇದ್ದರೆ ನಾನಂತೂ ಒಪ್ಪುವುದಿಲ್ಲ. ಕೈಪಿಡಿಯಲ್ಲಿ 92 ಎಂದಿದ್ದರೆ 88ಕ್ಕೆ ಇಳಿಯುವ ಪ್ರಶ್ನೆಯೇ ಬರುವುದಿಲ್ಲ. ಎಕ್ಸ್‌ಎಲ್ ಟೈರ್ ತನ್ನ ಪೂರ್ಣ ಭಾರವನ್ನು ಹೊರುವುದು 2.9 ಬಾರ್ ಒತ್ತಡದಲ್ಲಿ, ಸಾಮಾನ್ಯ ಟೈರ್ 2.5 ಬಾರ್‌ನಲ್ಲಿ. ಹೀಗಾಗಿ ಸಾಮಾನು ತುಂಬಿದಾಗ ಚೀಟಿಯಲ್ಲಿರುವ ಪೂರ್ಣ ಭಾರದ ಒತ್ತಡಕ್ಕೆ ಗಾಳಿ ಹಿಡಿಸದಿದ್ದರೆ ದುಬಾರಿ ಟೈರ್ ಕೊಂಡ ಪ್ರಯೋಜನ ಸಿಗುವುದಿಲ್ಲ.

ಕೊನೆಯ ಅಕ್ಷರ ವೇಗದ್ದು. ವಿ ಎಂದರೆ ಗಂಟೆಗೆ 240 ಕಿ.ಮೀ., ಡಬ್ಲ್ಯೂ 270, ವೈ 300. ಪೆಟ್ರೋಲ್ ಎಂಜಿನ್ನಿನ ಆರ್‌ಎಸ್ 240 ದಾಟಬಲ್ಲದು, ಆದ್ದರಿಂದ ಬೇಸಿಗೆಯ ಟೈರಿನಲ್ಲಿ ವಿ ಸಾಲದು. ವೇಗ ಏರಿದಂತೆ ಟೈರ್ ಹೊರುವ ಭಾರವೂ ಇಳಿಯುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ: ವಿ ಟೈರ್ ಪೂರ್ಣ ಭಾರ ಹೊರುವುದು 210 ಕಿ.ಮೀ. ವೇಗದವರೆಗೆ ಮಾತ್ರ, 240 ತಲುಪುವ ವೇಳೆಗೆ ಅದರ ಸಾಮರ್ಥ್ಯ ಶೇ. 91ಕ್ಕೆ ಬಂದಿರುತ್ತದೆ. ಜರ್ಮನಿಯ ಹೆದ್ದಾರಿಗಳಾದ ಆಟೊಬಾನ್‌ಗಳ ವೇಗಮಿತಿಯಿಲ್ಲದ ಭಾಗಗಳಲ್ಲಿ ಸಂಸಾರ ಸಮೇತ ಹೋಗುವವರಿಗೆ ಇದು ಕಾಗದದ ಮೇಲಿನ ಲೆಕ್ಕವಲ್ಲ. ಚಳಿಗಾಲದ ಟೈರಿಗೆ ಮಾತ್ರ ಜರ್ಮನಿಯಲ್ಲಿ ರಿಯಾಯಿತಿ ಇದೆ. ಕಡಿಮೆ ವೇಗದ ಅಕ್ಷರದ್ದನ್ನು ಹಾಕಿಸಿ, ಅದರ ಮಿತಿಯ ಚೀಟಿಯನ್ನು ಚಾಲಕರ ಕಣ್ಣಿಗೆ ಬೀಳುವಂತೆ ಅಂಟಿಸಿದರೆ ಸಾಕು.

ಮೂರು ಅಳತೆಗಳಲ್ಲಿ ಯಾವುದು ಎಂದು ಕೇಳಿದರೆ, ಬೇಸಿಗೆಗೆ 18 ಮತ್ತು ಚಳಿಗಾಲಕ್ಕೆ 17 ಇಂಚು ಎಂದು ಹೇಳುತ್ತೇನೆ. 19 ಇಂಚಿನ ಟೈರಿನ ಸೈಡ್‌ವಾಲ್ ಬರೀ 79 ಮಿ.ಮೀ., 17 ಇಂಚಿನದರದ್ದು 101 ಮಿ.ಮೀ. ಗುಂಡಿಯ ಅಂಚಿಗೆ ಬಡಿದಾಗ ರಿಮ್ ಉಳಿಯುವುದೋ ಬಾಗುವುದೋ ಎಂಬುದನ್ನು ಈ 22 ಮಿ.ಮೀ. ನಿರ್ಧರಿಸುತ್ತದೆ.

ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ 4x4 ಡೀಸೆಲ್ ಆರ್‌ಎಸ್ ಇದ್ದವರು ಮತ್ತೊಂದು ಲೆಕ್ಕವನ್ನೂ ಮಾಡಬೇಕು. ಹೊಸ ಟೈರಿನ ಟ್ರೆಡ್ (ನೆಲ ಮುಟ್ಟುವ ಮೇಲ್ಮೈಯ ಗೀರುಗಳು) ಸುಮಾರು 8 ಮಿ.ಮೀ. ಆಳವಿರುತ್ತದೆ, ಅದು 3 ಮಿ.ಮೀ.ಗೆ ಸವೆದಾಗ ವ್ಯಾಸ 10 ಮಿ.ಮೀ., ಎಂದರೆ ಶೇ. 1.6ರಷ್ಟು ಕುಗ್ಗುತ್ತದೆ. ಕಾರ್ಖಾನೆಯ ಎರಡು ಅಳತೆಗಳ ನಡುವಿನ ಅಂತರಕ್ಕಿಂತ ಇದು ಮೂರು ಪಟ್ಟಿಗೂ ಹೆಚ್ಚು. ಮುಂದೆ ಸವೆದ ಜೋಡಿ, ಹಿಂದೆ ಹೊಸ ಜೋಡಿ ಇದ್ದರೆ ಎರಡು ಆಕ್ಸಲ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತಾ ಹಿಂದಿನ ಚಕ್ರಗಳಿಗೆ ಶಕ್ತಿ ಸಾಗಿಸುವ ನಡುವಿನ ಕ್ಲಚ್‌ಗೆ ಬಿಡುವಿಲ್ಲದ ಕೆಲಸ ಕೊಡುತ್ತವೆ. ಅಳತೆ ಒಂದೇ ಆಗಿದ್ದರೂ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಒಳ್ಳೆಯದು.

ಪಟ್ಟಿಯಲ್ಲಿಲ್ಲದ ಅಳತೆಯೇ ಬೇಕೆಂದರೆ ಜರ್ಮನಿಯಲ್ಲಿ ತಾಂತ್ರಿಕ ತಪಾಸಣೆ ಮಾಡಿಸಿ ದಾಖಲೆಗೆ ಸೇರಿಸಬೇಕಾಗುತ್ತದೆ, ಬ್ರಿಟನ್ನಿನಲ್ಲಿ ವಿಮಾ ಸಂಸ್ಥೆಗೆ ಮೊದಲೇ ತಿಳಿಸಬೇಕು. ಹೊಸ ಟೈರುಗಳನ್ನು ಹಾಕಿಸಿ ತಂಪಾಗಿರುವಾಗಲೇ ಗಾಳಿ ಹೊಂದಿಸಿದ ಮೇಲೆ, ಕಾರಿನ ಮೆನುವಿನಲ್ಲಿ ಟೈರ್ ಒತ್ತಡದ ಹೊಸ ಮೌಲ್ಯವನ್ನು ಉಳಿಸಬೇಕು. ಈ ಕಾರು ಒತ್ತಡವನ್ನು ನೇರವಾಗಿ ಅಳೆಯದೆ ಚಕ್ರಗಳ ತಿರುಗುವ ವೇಗವನ್ನು ಹೋಲಿಸಿ ಊಹಿಸುವುದರಿಂದ, ಇದನ್ನು ಮರೆತರೆ ಹಳೆಯ ಟೈರಿನ ಲೆಕ್ಕದಲ್ಲೇ ಎಚ್ಚರಿಕೆ ದೀಪ ಉರಿಯುತ್ತದೆ, ಇಲ್ಲವೇ ಗಾಳಿ ಇಳಿದಾಗಲೂ ಉರಿಯದೆ ಉಳಿಯುತ್ತದೆ.